ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಸಿಕ್ಕಿದರೆ ಸಾಕಿ ಕಾಡಿಗೆ ಬಿಡಬಹುದಾ?

ನೀವು ಕೇಳಿದ್ದು ಇಷ್ಟು: ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿಯುವಾಗ ಎರಡು ಚಿರತೆ ಮರಿ ಸಿಕ್ಕಿವೆ, ತಾಯಿ ಎಲ್ಲೂ ಕಾಣುತ್ತಿಲ್ಲ, ಹಾಲು ಕುಡಿಸಿ ಸಾಕಿ ದೊಡ್ಡದಾದ ಮೇಲೆ ಕಾಡಿಗೆ ಬಿಟ್ಟರೆ ತಪ್ಪಾ ಅಂತ.

ಮರಿಗಳನ್ನು ಇದ್ದ ಜಾಗದಲ್ಲೇ ಬಿಟ್ಟು ದೂರ ಸರಿಯಿರಿ. 1926ಕ್ಕೆ ಫೋನ್ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. ಉಳಿದದ್ದನ್ನು ಆಮೇಲೆ ಓದಿ.

ನಮ್ಮದು ಮಂಡ್ಯ ಕಡೆ. ತಾಯಿ ಕಾಣುತ್ತಿಲ್ಲ ಅಂದರೆ ತಾಯಿ ಇಲ್ಲ ಅಂತಲ್ಲ. ಇಪ್ಪತ್ತು ಜನ ಮಚ್ಚು ಹಿಡಿದು ನಿಂತಿರುವಾಗ, ಟ್ರ್ಯಾಕ್ಟರ್ ಗುಡುಗುತ್ತಿರುವಾಗ ಅದು ಬಂದು ಎದುರಿಗೆ ನಿಲ್ಲುತ್ತಾ? ಪಕ್ಕದ ತಾಕಿನಲ್ಲಿ ಮಲಗಿ ಎಲ್ಲವನ್ನೂ ನೋಡುತ್ತಿರುತ್ತದೆ. ಅದಕ್ಕೇ ಹತ್ತಿರ ಹೋಗಬೇಡಿ ಅಂದಿದ್ದು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಏಳೆಂಟು ವರ್ಷದ ಹಿಂದೆ ನಮ್ಮ ಗದ್ದೆಯಲ್ಲೇ ಒಂದು ಮರಿ ಸಿಕ್ಕಿತ್ತು. ತರಗಿನ ಮೇಲೆ ಮಲಗಿತ್ತು, ಅಂಗೈಯಗಲ ಮುಖ, ನೀಲಿ ಕಣ್ಣು. ಪಾಪ ಅನಾಥ ಅಂತ ಬುಟ್ಟಿಯಲ್ಲಿ ಹಾಕಿ ಮನೆಗೆ ತಂದೆವು. ಹಸುವಿನ ಹಾಲು ಕುಡಿಸಿದವನು ನಾನೇ. ಬೆಳಗಾಗುವಷ್ಟರಲ್ಲಿ ಭೇದಿ. ಊರಿಗೆ ಊರೇ ಸೆಲ್ಫಿಗೆ ಬಂತು. ಎರಡು ರಾತ್ರಿ ಗದ್ದೆ ಕಡೆಯಿಂದ ತಾಯಿಯ ಕೂಗು ಕೇಳಿಸಿತು, ಗರಗಸದಲ್ಲಿ ಮರ ಕೊಯ್ದ ಹಾಗೆ. ಮೂರನೇ ರಾತ್ರಿ ಕೇಳಿಸಲಿಲ್ಲ. ಫಾರೆಸ್ಟ್‌ನವರಿಗೆ ತಿಳಿಸಿದ್ದು ಆಮೇಲೆ. ಆ ಮರಿ ಬದುಕಿತು, ಆದರೆ ಬೋನಿನಲ್ಲಿ.

ಎರಡು ವರ್ಷದ ಹಿಂದೆ ಪಕ್ಕದವರ ಗದ್ದೆಯಲ್ಲಿ ಎರಡು ಮರಿ ಸಿಕ್ಕಾಗ ಬುದ್ಧಿ ಬಂದಿತ್ತು. ತಕ್ಷಣ ಫೋನ್ ಮಾಡಿದೆವು. ಡಾಕ್ಟರ್ ಬಂದು ಗಾಯ ಇದೆಯಾ ನೋಡಿದರು. ಹೊತ್ತು ಮುಳುಗುವಾಗ ಮರಿಗಳನ್ನು ಒಂದು ಟೊಮೇಟೊ ಕ್ರೇಟಿಗೆ ಹಾಕಿ, ಸಿಕ್ಕಿದ ಜಾಗದಲ್ಲೇ ಇಟ್ಟರು. ಸುತ್ತ ನಾಲ್ಕು ಸಾಲು ಕಬ್ಬು ಕಡಿಯದೆ ಬಿಟ್ಟಿದ್ದೆವು. ಗೂಟಕ್ಕೆ ಒಂದು ಕ್ಯಾಮೆರಾ ಕಟ್ಟಿ ಎಲ್ಲರೂ ಜಾಗ ಖಾಲಿ ಮಾಡಿದೆವು. ರಾತ್ರಿ ಒಂಬತ್ತರ ಹೊತ್ತಿಗೆ ತಾಯಿ ಬಂದು ಕ್ರೇಟನ್ನು ಪಂಜದಿಂದ ಉರುಳಿಸಿದೆ. ಒಂದನ್ನು ಕತ್ತಿನಲ್ಲಿ ಕಚ್ಚಿಕೊಂಡು ಹೋಗಿದೆ. ಮುಕ್ಕಾಲು ಗಂಟೆ ಬಿಟ್ಟು ಇನ್ನೊಂದಕ್ಕೆ ಬಂದಿದೆ. ಕೊನೆಯ ಫೋಟೋದಲ್ಲಿ ಬರೀ ಬಾಲ.

ಮನುಷ್ಯರ ವಾಸನೆ ತಾಗಿದರೆ ತಾಯಿ ಸೇರಿಸಲ್ಲ ಅನ್ನುವುದು ಸುಮ್ನೆ ಮಾತು. ತಾಯಿಯನ್ನು ದೂರ ಇಡುವುದು ಜನರ ಗುಂಪು. ಮಹಾರಾಷ್ಟ್ರದ ಜುನ್ನರ್ ಕಡೆ ಕಬ್ಬಿನ ಗದ್ದೆಗಳಲ್ಲೂ ಇದೇ ಉಪಾಯ. ಅಲ್ಲಿ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್ಒಎಸ್ ಅನ್ನುವ ಪ್ರಾಣಿರಕ್ಷಣೆಯ ಸಂಸ್ಥೆ ಸೇರಿ ವರ್ಷಗಳಿಂದ ಮರಿಗಳನ್ನು ತಾಯಿಗೆ ಸೇರಿಸುತ್ತಿದ್ದಾರೆ.

ಇನ್ನು ಸಾಕುವ ಮಾತು. ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ, ಮನೆಯಲ್ಲಿ ಇಟ್ಟುಕೊಂಡರೆ ಜೈಲು. ಅದು ಹಾಗಿರಲಿ. ಮರಿ ತಾಯಿ ಜೊತೆ ವರ್ಷಕ್ಕಿಂತ ಜಾಸ್ತಿ ಇದ್ದು ಬೇಟೆ ಕಲಿಯುತ್ತದೆ. ನೀವು ಕಲಿಸುವುದು ಒಂದೇ: ಮನುಷ್ಯರ ಹತ್ತಿರ ಹೋದರೆ ಊಟ ಸಿಗುತ್ತದೆ ಅಂತ. ಅಂಥದ್ದನ್ನು ಕಾಡಿಗೆ ಬಿಟ್ಟರೆ ಸೀದಾ ಯಾರದೋ ಹಿತ್ತಲಿಗೆ ಬರುತ್ತದೆ.

ಹಾಗಂತ ಸಾಕಿ ಬಿಡುವುದು ಆಗದ ಕೆಲಸ ಅಂತಲ್ಲ. ಮಧ್ಯಪ್ರದೇಶದ ಕಾನ್ಹಾ ಹುಲಿ ಕಾಡಿನಲ್ಲಿ ತಾಯಿ ಸತ್ತ ಎರಡು ಹೆಣ್ಣು ಹುಲಿಮರಿಗಳನ್ನು ಬೇಲಿ ಹಾಕಿದ ಆವರಣದಲ್ಲಿ ಬೆಳೆಸಿ, 2011ರಲ್ಲಿ ಅದೇ ರಾಜ್ಯದ ಪನ್ನಾ ಕಾಡಿಗೆ ಬಿಟ್ಟರು. ಒಂದು ಅಲ್ಲೇ ಮರಿ ಹಾಕಿತು. ಅರುಣಾಚಲದ ಪಕ್ಕೆ ಕಾಡಿನಲ್ಲಿ ಅನಾಥ ಕರಡಿ ಮರಿಗಳಿಗೆ ಒಂದು ಕೇಂದ್ರವೇ ಇದೆ. ಪಾಲಕರು ತಿಂಗಳುಗಟ್ಟಲೆ ಮರಿಗಳ ಜೊತೆ ಕಾಡಿನಲ್ಲಿ ನಡೆಯುತ್ತಾರೆ. ಮರ ಹತ್ತಲು, ಮೇವು ಹುಡುಕಲು ಅವೇ ಕಲಿಯುತ್ತವೆ. ಜನರ ಕಡೆ ತಿರುಗಿ ನೋಡದ ಹಾಗೆ ಆದ ಮೇಲೆ ಎಲ್ಲಿದೆ ಅಂತ ತಿಳಿಸುವ ರೇಡಿಯೊ ಕಾಲರ್ ಕುತ್ತಿಗೆಗೆ ಹಾಕಿ ಬಿಡುತ್ತಾರೆ. ನಮ್ಮ ಕೊಟ್ಟಿಗೆಯಲ್ಲಿ ಆಗುತ್ತಾ ಇದು?

ತಾಯಿ ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತಿರುವುದು ಖಚಿತವಾದರೆ ಮಾತು ಬೇರೆ. ಆಗ ಮರಿ ಮೈಸೂರಿನ ಕೂರ್ಗಳ್ಳಿಯಲ್ಲಿರುವಂಥ ಪ್ರಾಣಿಗಳ ಪುನರ್ವಸತಿ ಕೇಂದ್ರಕ್ಕೆ ಹೋಗಬೇಕು. ಅದನ್ನು ಇಲಾಖೆಯವರು ನೋಡಿಕೊಳ್ಳುತ್ತಾರೆ.

ಅಂದಹಾಗೆ, ಅವು ಚಿರತೆಯೇನಾ? ನಮ್ಮ ಕಡೆ ಚಿರತೆ ಮರಿ ಅಂತ ಗಲಾಟೆ ಎಬ್ಬಿಸಿ, ಕೊನೆಗೆ ಕಾಡುಬೆಕ್ಕಿನ ಮರಿ ಆಗಿದ್ದೂ ಇದೆ. ಆದರೂ ಮಾಡಬೇಕಾದದ್ದು ಒಂದೇ.

ಕಾರ್ಖಾನೆಯ ಕಟಾವು ಪರ್ಮಿಟ್ ಹೋಗುತ್ತೆ, ಆಳಿನ ಕೂಲಿ ದಂಡ ಅಂತ ಗದ್ದೆಯವರು ಗೊಣಗಬಹುದು. ನಮ್ಮ ಪಕ್ಕದವರೂ ಗೊಣಗಿದ್ದರು, ತಪ್ಪಿಲ್ಲ. ಪೂರ್ತಿ ನಿಲ್ಲಿಸದಿದ್ದರೂ ಮರಿಗಳಿರುವ ತಾಕನ್ನಾದರೂ ಕಡಿಯದೆ ಬಿಡಿ ಅಂತ ಹೇಳಿ. ಸಂಜೆ ನಾಯಿಗಳನ್ನು ಕಟ್ಟಿಹಾಕಿ. ಏನಾಯಿತು ನೋಡೋಣ ಅಂತ ರಾತ್ರಿ ಟಾರ್ಚ್ ಹಿಡಿದು ಮಾತ್ರ ಹೋಗಬೇಡಿ.