ಹಿಟ್ಟು ಬಿಸಿ, ಚಪಾತಿ ಬಿರುಸು, ಕರೆಂಟ್ ಬಿಲ್ ಜಾಸ್ತಿ

ಪ್ರಶ್ನೆ: ನಮ್ಮೂರಲ್ಲಿ 10 ಎಚ್‌ಪಿ ಗಿರಣಿ ಇಟ್ಟಿದೀನಿ. ಗೋಧಿ ಹಿಟ್ಟು ಕೈ ಇಡೋಕಾಗದಷ್ಟು ಬಿಸಿ ಬರ್ತಿದೆ, ಚಪಾತಿ ಬಿರುಸಾಗುತ್ತೆ ಅಂತ ಗಿರಾಕಿಗಳು ಬೈತಾರೆ, ಬಿಲ್ಲೂ ಏರಿದೆ. ದೊಡ್ಡ ಮೋಟಾರ್ ಹಾಕಿಸ್ಲಾ?
– ಓದುಗರು, ಗದಗ ಜಿಲ್ಲೆ

ಉತ್ತರ: ಮೋಟಾರ್ ಮುಟ್ಟಬೇಡಿ, ಮೊದ್ಲು ಕಲ್ಲು ಎತ್ತಿ ನೋಡಿ. ಹಲ್ಲು ಸವೆದು ಕಲ್ಲು ನುಣ್ಣಗಾದ್ರೆ ಕಾಳು ಕತ್ತರಿಸಲ್ಲ ಬರೀ ಉಜ್ಜುತ್ತೆ, ನೀವು ಹಿಟ್ಟು ಸಣ್ಣ ಬರ್ಲಿ ಅಂತ ಕಲ್ಲು ಇನ್ನೂ ಬಿಗಿ ಮಾಡ್ತೀರಿ, ಆ ಉಜ್ಜಾಟಕ್ಕೇ ಕರೆಂಟ್ ಹೋಗೋದು ಹಿಟ್ಟು ಸುಡೋದು. ಮೊದ್ಲು 20 ನಿಮಿಷದಲ್ಲಿ ಬೀಳ್ತಿದ್ದ ಚೀಲ ಈಗ ಅರ್ಧ ಗಂಟೆ ತಗೊಂಡ್ರೆ ಅವತ್ತೇ ಕಲ್ಲಿಗೆ ಉಳಿಯಿಂದ ಟಾಕಿ ಹೊಡೆಸಿ ಹಲ್ಲು ಹಾಕಿಸಿಬಿಡಿ. ಬೆಲ್ಟ್ ಜಾರ್ತಿದ್ರೆ ಅದನ್ನೂ ಬಿಗಿ ಮಾಡಿಸಿ.

ಕಲ್ಲಲ್ಲಿ ಬೀಸಿದಾಗ ಪಿಷ್ಟ ಸ್ವಲ್ಪ ಜಜ್ಜಿ ಹೋಗುತ್ತೆ, ಅದು ಒಳ್ಳೇದೇ, ಅದಕ್ಕೇ ಹಿಟ್ಟು ನೀರು ಚೆನ್ನಾಗಿ ಹಿಡಿದು ಚಪಾತಿ ಮೆತ್ತಗಾಗೋದು. ಆದ್ರೆ ಕಾವು ಮೀರಿದ್ರೆ ಗೋಧಿಯ ಅಂಟು ಸತ್ತುಹೋಗುತ್ತೆ, ಆಮೇಲೆ ಎಷ್ಟು ನಾದಿದ್ರೂ ಲಟ್ಟಿಸುವಾಗ ಅಂಚು ಹರಿಯುತ್ತೆ.

ಎರಡನೇದು ನೀರು. ನಮ್ಮ ಕಡೆ ಬೇಸಿಗೆ ಗೋಧಿ ಒಣಗಿ ಕಟಕಟ ಅಂತಿರುತ್ತೆ, ಅದನ್ನ ಹಾಗೇ ಸುರಿದ್ರೆ ಸಿಪ್ಪೆ ಪುಡಿಪುಡಿಯಾಗಿ ಹಿಟ್ಟು ಕಪ್ಪಗಾಗುತ್ತೆ. ದೊಡ್ಡ ರೋಲರ್ ಮಿಲ್‌ನವರು ತೇವ 15–16 ಪರ್ಸೆಂಟ್‌ವರೆಗೆ ಏರಿಸಿ ರಾತ್ರಿಯೆಲ್ಲಾ ಇಡ್ತಾರೆ, ಸಿಪ್ಪೆ ಚರ್ಮದ ಥರ ಜಿಗುಟಾಗಿ ಅಗಲವಾಗಿ ಬಿಡುತ್ತೆ, ಒಳಗಿನ ತಿರುಳು ಸಡಿಲಾಗುತ್ತೆ. ಕಲ್ಲಿನ ಗಿರಣಿಗೆ ಅಷ್ಟು ಬೇಡ, ಹಿಟ್ಟು ಕಲ್ಲಿಗೆ ಮೆತ್ತಿಕೊಳ್ಳುತ್ತೆ. ಲೆಕ್ಕ ಹೀಗೆ: 10 ಪರ್ಸೆಂಟ್ ತೇವದ 50 ಕೆಜಿ ಗೋಧಿನ 12.5ಕ್ಕೆ ತರೋಕೆ ಸುಮಾರು 1.4 ಲೀಟರ್ ನೀರು ಸಾಕು. ನೀವು ಗಿರಾಕಿ ತಂದ ಕಾಳು ಬೀಸಿ ಕೊಡೋರಾದ್ರೆ ಅವರಿಗೇ ಹೇಳಿ, 5 ಕೆಜಿಗೆ ಒಂದು ಸಣ್ಣ ಲೋಟ ನೀರು ಹಿಂದಿನ ರಾತ್ರಿ ಚಿಮುಕಿಸಿ ಚೆನ್ನಾಗಿ ಕಲಸಿ ಮುಚ್ಚಿಡಿ ಅಂತ. ಬೆಳಿಗ್ಗೆ ಚಿಮುಕಿಸಿ ಬೆಳಿಗ್ಗೇನೇ ತಂದ್ರೆ ನೀರು ಮೇಲೇ ಇರುತ್ತೆ, ಪ್ರಯೋಜನ ಇಲ್ಲ.

ಇನ್ನೊಂದು, ಬಿಸಿ ಹಿಟ್ಟನ್ನ ತಕ್ಷಣ ಡಬ್ಬಿಗೆ ತುಂಬಿ ಮುಚ್ಚಬಾರ್ದು, ಮುಚ್ಚಳದ ಒಳಗೆ ಹಬೆ ಹನಿಯಾಗಿ ನಿಂತು ಗಂಟು ಕಟ್ಟುತ್ತೆ, ಹುಳನೂ ಬೇಗ ಬೀಳುತ್ತೆ. ಬಟ್ಟೆ ಮೇಲೆ ಹರವಿ ಆರಿಸಿ ಅನ್ನಿ. ಕಾಳು ಸುರಿಯೋ ಹಾಪರ್ ಬಾಯಿಗೆ ಒಂದು ಅಯಸ್ಕಾಂತನೂ ಕಟ್ಟಿ, ಒಂದು ಮೊಳೆ ಹೋದ್ರೂ ಹೊಸ ಹಲ್ಲು ಹಾಳು. ಇದನ್ನ ಸರಿಯಾಗಿ ಕಲೀಬೇಕು ಅನ್ಸಿದ್ರೆ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ)ಯಲ್ಲಿ ಹಿಟ್ಟಿನ ಮಿಲ್ಲಿನ ಕೆಲಸ ಕಲಿಸೋಕೇ ಅಂತ ಒಂದು ಶಾಲೆ ಇದೆ, ವಿಚಾರಿಸಿ.

ಪ್ರಶ್ನೆ: ಹೊಲದಲ್ಲಿ ಬೆಳೆದ ಜವೆ ಗೋಧಿನ (ಖಪ್ಲಿ ಗೋಧಿ, ಬಾರ್ಲಿ ಅಲ್ಲ) ಗಿರಣಿಯವರು ಹಾಗೇ ಬೀಸಲ್ಲ ಅಂತಾರೆ, ಯಾಕೆ?
– ಓದುಗರು, ವಿಜಯಪುರ

ಉತ್ತರ: ಅವರು ಹೇಳೋದು ಸರಿ. ಜವೆ ಗೋಧಿ ರಾಶಿ ಮಾಡಿದ್ರೂ ಹೊಟ್ಟು ಬಿಡಲ್ಲ, ಅಪ್ಪಿಕೊಂಡೇ ಇರುತ್ತೆ. ಮೊದ್ಲು ಹೊಟ್ಟು ತೆಗೆಸಿ ಆಮೇಲೆ ಒಯ್ಯಿರಿ. ಹುಗ್ಗಿಗಾದ್ರೆ ಹಿಟ್ಟು ಯಾಕೆ, ನೀರು ಚಿಮುಕಿಸಿ ಒರಳಲ್ಲಿ ಕುಟ್ಟಿ ಕೇರಿದ್ರೆ ಆಯ್ತು.