ಒಂದೇ ಬ್ಲೇಡು, ಎರಡು ಬಾಯಿ: ಮೈಟರ್-ಟೇಬಲ್ ಗರಗಸದ ಬಗ್ಗೆ ನೀವು ಕೇಳಿದ್ದು

ಪ್ರಶ್ನೆ: ಸರ್, ನಮ್ಮದು ಹೊಳಲ್ಕೆರೆ ಹತ್ತಿರ ಒಂದು ಹಳ್ಳಿ. ಹಳೇ ಮನೆ ಕೆಡವಿದಾಗ ಸಿಕ್ಕ ಹೊನ್ನೆ, ಬೇವಿನ ಹಲಗೆಗಳಿವೆ. ಅದರಲ್ಲೇ ಕಿಟಕಿ ಚೌಕಟ್ಟು, ಕಪಾಟು ಮಾಡಿಕೊಳ್ಳೋಣ ಅಂತ ದಾವಣಗೆರೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಮಷೀನ್ ತಂದೆ. ಕೆಳಗೆ ಮೈಟರ್ ಸಾ (ಮರವನ್ನು ಅಡ್ಡಕ್ಕೆ, ಓರೆಯಾಗಿ ಕೊಯ್ಯೋ ಗರಗಸ), ಅದರ ತಲೆ ಮೇಲೆ ಉದ್ದಕ್ಕೆ ಸೀಳೋ ಚಿಕ್ಕ ಟೇಬಲ್. ಬ್ಲೇಡನ್ನು ಮುಚ್ಚುವ ಮೇಲಿನ ಗಾರ್ಡ್ ಇಲ್ಲ. ಮಾರಿದವರನ್ನು ಕೇಳಿದ್ದಕ್ಕೆ, 'ಅದು ಸುಮ್ನೆ ಅಡ್ಡ ಬರುತ್ತೆ, ಯಾರೂ ಹಾಕಲ್ಲ' ಅಂದರು. ನಿಜವಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಅರ್ಧ ನಿಜ. ಯಾರೂ ಹಾಕಲ್ಲ ಅನ್ನೋದು ಹೆಚ್ಚುಕಡಿಮೆ ಸರಿ. ಅದಕ್ಕೇ ನಮ್ಮ ಕಡೆ ವಯಸ್ಸಾದ ಆಚಾರ್ರು ಚಾ ಲೋಟ ಹಿಡಿದಾಗ ಒಮ್ಮೆ ಅವರ ಬೆರಳು ಎಣಿಸಿ ನೋಡಿ.

ಗಾರ್ಡ್ ಸಿಗೋವರೆಗೆ ಮೇಲಿನ ಟೇಬಲ್ ಮುಟ್ಟಬೇಡಿ. ಮಷೀನಿನ ಮೇಲೆ ಅಂಟಿಸಿದ ಪಟ್ಟಿಯಲ್ಲಿರುವ ಮಾಡೆಲ್ ನಂಬರ್ ಬರೆದುಕೊಂಡು ಸರ್ವಿಸ್ ಸೆಂಟರಿನಲ್ಲಿ ಕೇಳಿ, ಅದೇ ಮಾಡೆಲ್ಲಿನ ಗಾರ್ಡ್ ತರಿಸಿ. ತಗಡು ಬಗ್ಗಿಸಿ ಮನೆಯಲ್ಲೇ ಮಾಡಿಕೊಳ್ಳೋದು ಬೇಡ. ಅದು ಸಡಿಲವಾಗಿ ಬ್ಲೇಡಿಗೆ ತಾಗಿದರೆ ಗಾರ್ಡ್ ಇಲ್ಲದ್ದಕ್ಕಿಂತ ಕೆಟ್ಟದ್ದು.

ಇನ್ನು ಈ ಜಾತಿ ಮಷೀನಿನ ಸ್ವಭಾವ ತಿಳ್ಕೊಳ್ಳಿ. ಬರೀ ಮೈಟರ್ ಸಾ ಆದರೆ ಬ್ಲೇಡು ಮೇಲಿಂದ ಕೆಳಗೆ ಬರುತ್ತೆ, ಬರೀ ಟೇಬಲ್ ಸಾ ಆದರೆ ಕೆಳಗಿಂದ ಮೇಲೆ ಇಣುಕುತ್ತೆ. ಇದರಲ್ಲಿ ಎರಡೂ ಇದೆ, ಬ್ಲೇಡು ಮಾತ್ರ ಒಂದೇ. ನೀವು ಕೆಳಗೆ ಕೊಯ್ಯುತ್ತಿದ್ದಾಗ ಮೇಲಿನ ಬಾಯಿಯೂ ತಿರುಗುತ್ತಲೇ ಇರುತ್ತೆ. ನಿಮ್ಮ ಕಣ್ಣೆಲ್ಲ ಕೊಯ್ಯುವ ಕಡೆ ಇರುತ್ತಲ್ಲ, ಆಗ ಕಚ್ಚೋದು ಇನ್ನೊಂದು ಬಾಯಿ. ಪೆನ್ಸಿಲ್ ತಗೊಳ್ಳೋಕೆ ಅಂತ ಕೈ ಟೇಬಲ್ ಮೇಲೆ ಹೋದರೆ ಸಾಕು.

ಹಾಗಾಗಿ ಮೈಟರ್ ಕೆಲಸಕ್ಕೆ ಮೊದಲು ಮೇಲಿನ ಟೇಬಲ್ಲನ್ನು ಪೂರ್ತಿ ಎತ್ತರಕ್ಕೆ ಏರಿಸಿ, ಬ್ಲೇಡಿನ ಒಂದು ಹಲ್ಲೂ ಸೀಳಿನಿಂದ ಹೊರಗೆ ಕಾಣದ ಹಾಗೆ ಮಾಡಿ ಬಿಗಿ ಮಾಡಿ. ಟೇಬಲ್ ಕೆಲಸಕ್ಕೆ ಇದರ ಉಲ್ಟಾ. ಮಷೀನಿನ ತಲೆಯನ್ನು (ಮೋಟರ್, ಬ್ಲೇಡು ಇರುವ ಭಾಗ) ನೆಟ್ಟಗೆ ನಿಲ್ಲಿಸಿ, ಕೆಳಗೆ ಒತ್ತಿ, ಲಾಕ್ ಪಿನ್ ಹಾಕಿ. ಪಿನ್ ಕೂತಿದೆಯಾ ಅಂತ ಕೈಯಲ್ಲಿ ಮೇಲೆಳೆದು ನೋಡಿ. ಕೆಳಗಿನ ಬ್ಲೇಡು ಮುಚ್ಚಿರಬೇಕು, ಮೇಲಿನ ಗಾರ್ಡ್ ಕೂತಿರಬೇಕು. ಇಷ್ಟೂ ಮಾಡೋದು ಪ್ಲಗ್ ಕಿತ್ತ ಮೇಲೆ. ಸ್ವಿಚ್ ಆಫ್ ಸಾಲಲ್ಲ, ಪ್ಲಗ್ ನಿಮ್ಮ ಕಣ್ಣೆದುರು ನೆಲದ ಮೇಲೆ ಬಿದ್ದಿರಬೇಕು. ಒಂದು ಕಡೆಯಿಂದ ಇನ್ನೊಂದಕ್ಕೆ ಬದಲಾಯಿಸೋಕೆ ಐದು ನಿಮಿಷ ಹಿಡಿಯುತ್ತೆ, ಬೇಜಾರು ಬರುತ್ತೆ. ನಾನು ಅದಕ್ಕೇ ಬೆಳಿಗ್ಗೆ ಎಲ್ಲಾ ಉದ್ದ ಸೀಳಿಬಿಡುತ್ತೇನೆ, ಊಟ ಆದ ಮೇಲೆ ಎಲ್ಲಾ ಅಡ್ಡ ಕೊಯ್ಯುತ್ತೇನೆ. ದಿನಕ್ಕೆ ಒಂದೇ ಸಲ ಬದಲಾವಣೆ.

ಟೇಬಲ್ ಮೇಲೆ ಉದ್ದ ಸೀಳುವಾಗ ಬ್ಲೇಡಿನ ಹಿಂದೆಯೇ ಒಂದು ಚಪ್ಪಟೆ ಉಕ್ಕಿನ ಪಟ್ಟಿ ನಿಂತಿರುತ್ತೆ, ರೈವಿಂಗ್ ನೈಫ್ ಅಂತಾರೆ. ಗಾರ್ಡಿನ ಜೊತೆ ಅದನ್ನೂ ಕಿತ್ತು ಮೂಲೆಗೆ ಎಸೆಯೋರು ಜಾಸ್ತಿ. ಅದು ಯಾಕೆ ಬೇಕು ಅಂದರೆ, ಮರದೊಳಗೆ ಬಿಗಿತ ಇರುತ್ತೆ. ಸೀಳುತ್ತಾ ಹೋದ ಹಾಗೆ ಎರಡು ಭಾಗ ಮತ್ತೆ ಹತ್ತಿರ ಬಂದು ಬ್ಲೇಡಿನ ಹಿಂಭಾಗವನ್ನು ಚಿಮ್ಮಟದ ಹಾಗೆ ಹಿಡಿಯುತ್ತವೆ. ಮುಂದಿನ ಹಲ್ಲು ಮರವನ್ನು ಕೆಳಗೆ ಒತ್ತುತ್ತೆ, ಹಿಂದಿನ ಹಲ್ಲು ಮೇಲಕ್ಕೆ ಎತ್ತುತ್ತೆ. ಎತ್ತಿದ ಮರ ನೇರ ನಿಮ್ಮ ಹೊಟ್ಟೆಗೆ. 250 ಮಿ.ಮೀ. ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 140 ಕಿ.ಮೀ. ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಕಡೆ ಓಡುವ ಬಸ್ಸಿಗಿಂತ ಎಷ್ಟೋ ಜೋರು. ನಮ್ಮ ಅಂಗಡಿಯ ಹಿಂದಿನ ಗೋಡೆಯಲ್ಲಿ ಹೆಬ್ಬೆರಳು ಹೋಗುವಷ್ಟು ಗುಳಿ ಇದೆ. ಒಂದು ಮತ್ತಿ ಮರದ ರೀಪರ್ ಪಟ್ಟಿ ಹಾರಿ ಮಾಡಿದ್ದು. ನಾನು ಅವತ್ತು ಬ್ಲೇಡಿನ ಸಾಲಿಗೆ ನೇರ ನಿಲ್ಲದೆ ಎಡಕ್ಕೆ ನಿಂತಿದ್ದೆ, ಅಷ್ಟೇ ವ್ಯತ್ಯಾಸ. ಈಗಲೂ ಗಾರೆ ಹಾಕಿಸಿಲ್ಲ, ಹೊಸ ಹುಡುಗರು ಬಂದರೆ ಮೊದಲು ಅದನ್ನೇ ತೋರಿಸೋದು.

ಆ ಪಟ್ಟಿ ಬ್ಲೇಡಿನ ಹಲ್ಲಿಗೆ ಹತ್ತಿರ ಇರಬೇಕು, 3ರಿಂದ 8 ಮಿ.ಮೀ. ಒಳಗೆ. ಬ್ಲೇಡಿನ ತಟ್ಟೆಗಿಂತ ದಪ್ಪ, ಹಲ್ಲು ಮಾಡುವ ಸೀಳಿಗಿಂತ ತೆಳು. ಬೇರೆ ಬ್ಲೇಡ್ ಹಾಕಿದಾಗ ಇದನ್ನು ನೋಡ್ಕೊಳ್ಳಿ.

ಫೆನ್ಸ್ (ಮರದ ಅಂಚು ಒರಗಿಸುವ ನೇರ ಪಟ್ಟಿ) ಇಲ್ಲದೆ ಕೈ ಅಂದಾಜಿನಲ್ಲಿ ಯಾವತ್ತೂ ಸೀಳಬೇಡಿ. ಬಾಗಿದ ಹಲಗೆಯ ಒಂದು ಅಂಚನ್ನು ಮೊದಲು ಉಜ್ಜಿ ನೇರ ಮಾಡಿ. ಕೊನೆಯ ಒಂದಡಿ ಉಳಿದಾಗ ಕೈ ಹಿಂದೆ ತೆಗೆದು ಪುಶ್ ಸ್ಟಿಕ್ ಹಿಡಿಯಿರಿ. ಅಂಗಡಿಯಿಂದ ತರಬೇಕಿಲ್ಲ, 12 ಮಿ.ಮೀ. ಪ್ಲೈವುಡ್ ತುಂಡಿಗೆ ತುದಿಯಲ್ಲಿ ಹಕ್ಕಿ ಕೊಕ್ಕಿನ ಹಾಗೆ ಕಚ್ಚು ಹಾಕಿದರೆ ಆಯ್ತು. ಎರಡು ಮೂರು ಮಾಡಿ ಮಷೀನಿಗೇ ಕಟ್ಟಿಡಿ, ಯಾಕೆಂದರೆ ಬೇಕಾದಾಗ ಹುಡುಕೋಕೆ ಹೋಗಲ್ಲ, ಕೈಯನ್ನೇ ಹಾಕ್ತೀವಿ ಅಲ್ವಾ?

ಮೈಟರ್ ಕಡೆ ಕೆಲಸ ಸುಲಭ. ಮರ ಹಿಂದಿನ ಫೆನ್ಸಿಗೆ ಒತ್ತಿ ಕೂರಬೇಕು, ಬಾಗಿದ್ದರೆ ಉಬ್ಬಿದ ಕಡೆ ಫೆನ್ಸಿಗೆ. ಕೈ ಬ್ಲೇಡಿನಿಂದ ಒಂದು ಗೇಣಾದರೂ ದೂರ, ಅಷ್ಟು ಜಾಗ ಸಿಗದ ಚಿಕ್ಕ ತುಂಡನ್ನು ಕ್ಲ್ಯಾಂಪಿನಲ್ಲಿ ಬಿಗಿಯಿರಿ. ಬ್ಲೇಡು ಪೂರ್ತಿ ವೇಗಕ್ಕೆ ಬಂದ ಮೇಲೆ ಇಳಿಸಿ. ಕೊಯ್ದಾದ ಮೇಲೆ ಸ್ವಿಚ್ ಬಿಟ್ಟು, ಬ್ಲೇಡು ಕೆಳಗೇ ನಿಂತ ಮೇಲೆ ತಲೆ ಎತ್ತಿ. ತಿರುಗುತ್ತಿರುವಾಗಲೇ ಎತ್ತಿದರೆ ತುಂಡಾದ ಚೂರು ಹಲ್ಲಿಗೆ ಸಿಕ್ಕು ಹಾರುತ್ತೆ.

ಇನ್ನೊಂದು. ನಿಮ್ಮ ಹಲಗೆ ಹಳೇ ಮನೆಯದ್ದು. ಅದರಲ್ಲಿ ಮೊಳೆ ಇಲ್ಲ ಅಂತ ದೇವರಾಣೆ ಮಾಡಿದರೂ ನಾನು ನಂಬಲ್ಲ. ಸ್ಪೀಕರಿನ ಹಿಂದಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆ ಮೇಲೆ ಓಡಾಡಿಸಿ, ಎಲ್ಲಿ ಎಳೆಯುತ್ತೋ ಅಲ್ಲಿ ಉಳಿಯಿಂದ ಕೆತ್ತಿ ತೆಗೆಯಿರಿ. ಆಳದಲ್ಲಿ ಕೂತಿದ್ದು ಎಳೆಯದೇ ಇರಬಹುದು, ಹಾಗಾಗಿ ತುಕ್ಕಿನ ಕಪ್ಪು ಕಲೆ ಕಂಡಲ್ಲೂ ಕೆದಕಿ ನೋಡಿ. ತೊಲೆ, ಕಂಬ ಇದಕ್ಕೆ ಆಗಲ್ಲ. ಮೇಲಿನ ಟೇಬಲ್ಲಿನಲ್ಲಿ ಸಾಮಾನ್ಯವಾಗಿ ಎರಡಿಂಚಿನ ಆಸುಪಾಸು ದಪ್ಪ ಮಾತ್ರ ಕೊಯ್ಯಬಹುದು. ದಪ್ಪದ್ದನ್ನು ಸಾಮಿಲ್ಲಿಗೆ ಕಳಿಸಿ.

ಪ್ರಶ್ನೆ: ಕೈಗೆ ಗ್ಲೌಸ್ ಹಾಕಿದರೆ ಸೇಫ್ ಅಲ್ವಾ? (ಹರಿಹರದಿಂದ)

ಉತ್ತರ: ಬ್ಲೇಡ್ ಬದಲಾಯಿಸುವಾಗ ಹಾಕಿ, ಮಷೀನ್ ಓಡುವಾಗ ಬೇಡ. ಒಂದು ನೂಲು ಹಲ್ಲಿಗೆ ಸಿಕ್ಕರೆ ಇಡೀ ಕೈ ಒಳಗೆ ಎಳೆದುಕೊಳ್ಳುತ್ತೆ. ಹೆಗಲ ಮೇಲಿನ ಟವೆಲ್, ಸಡಿಲ ತೋಳು, ಕೈಗೆ ಕಟ್ಟಿದ ಕಾಶಿದಾರ, ಉಂಗುರ ಎಲ್ಲದಕ್ಕೂ ಇದೇ ಮಾತು. ಲುಂಗಿ, ಹವಾಯಿ ಚಪ್ಪಲಿ ಮನೆಯಲ್ಲಿರಲಿ. ಕನ್ನಡಕ ಬೇಕು, ಕಿವಿಗೆ ಮುಚ್ಚಳ ಬೇಕು. ಎನ್95 ಮಾಸ್ಕೂ ಬೇಕು. ಮರದ ಪುಡಿ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಪಟ್ಟಿ ಮಾಡಿದೆ, ಕರ್ಚೀಫ್ ಕಟ್ಟಿದರೆ ಸಣ್ಣ ಪುಡಿ ನಿಲ್ಲಲ್ಲ.

ಪ್ರಶ್ನೆ: ಹಿರಿಯೂರು ಕಡೆ ತೋಟದ ಮನೆ. ಕರೆಂಟ್ ಪದೇ ಪದೇ ಹೋಗುತ್ತೆ, ವೋಲ್ಟೇಜೂ ಕಡಿಮೆ. ಮಷೀನಿಗೆ ತೊಂದರೆ ಆಗುತ್ತಾ?

ಉತ್ತರ: ಮಷೀನಿಗಿಂತ ನಿಮಗೆ ಜಾಸ್ತಿ. ನನ್ನ ಹಳೇ ಟೇಬಲ್ ಸಾಗೆ ಸಾದಾ ಸ್ವಿಚ್ ಇತ್ತು. ಒಂದು ಮಧ್ಯಾಹ್ನ ಕರೆಂಟ್ ಹೋಯ್ತು. ಸ್ವಿಚ್ ಆಫ್ ಮಾಡಲಿಲ್ಲ, ಮರ್ತೆ. ಎದುರಿಗೆ ಮಂಡಕ್ಕಿ ಮಿರ್ಚಿ ತಿಂದು ವಾಪಸ್ ಬಂದರೆ, ಹುಡುಗ ಬ್ಲೇಡಿನ ಸುತ್ತ ಬ್ರಷ್ಷಿನಿಂದ ಹೊಟ್ಟು ಗುಡಿಸುತ್ತಿದ್ದ. ಅಷ್ಟರಲ್ಲಿ ಕರೆಂಟ್ ಬಂತು. ಬ್ರಷ್ಷಿನ ಹಿಡಿ ಅವನ ಕೈಯಲ್ಲಿ, ತಲೆ ಗೋಡೆ ಹತ್ತಿರ, ಎಳೆಗಳೆಲ್ಲ ಗಾಳಿಯಲ್ಲಿ. ಅವನಿಗೆ ಏನೂ ಆಗಲಿಲ್ಲ, ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನವೇ ನೋ-ವೋಲ್ಟ್ ಸ್ವಿಚ್ ಹಾಕಿಸಿದೆ. ಕರೆಂಟ್ ಹೋದರೆ ತಾನೇ ಬಿಟ್ಟುಕೊಳ್ಳುತ್ತೆ, ಬಂದರೆ ಮತ್ತೆ ಹಸಿರು ಬಟನ್ ಒತ್ತಬೇಕು. ನಿಮ್ಮದರಲ್ಲಿ ಇದೆಯಾ ಅಂತ ಪರೀಕ್ಷೆ ಮಾಡೋದು ಸುಲಭ: ಮರ ಇಡದೆ, ದೂರ ನಿಂತು, ಓಡುವಾಗ ಗೋಡೆಯ ಸ್ವಿಚ್ ಆಫ್ ಮಾಡಿ, ಬ್ಲೇಡು ನಿಂತ ಮೇಲೆ ಆನ್ ಮಾಡಿ. ತಾನಾಗೇ ಓಡಿದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ.

1500-2000 ವ್ಯಾಟ್ ಮಷೀನ್ 230 ವೋಲ್ಟಿನಲ್ಲಿ 7ರಿಂದ 9 ಆಂಪ್ ಎಳೆಯುತ್ತೆ, ಶುರುವಾಗುವಾಗ ಇನ್ನೂ ಜಾಸ್ತಿ. ಟಿವಿ ಹಾಕುವ 6 ಆಂಪ್ ಪ್ಲಗ್ಗಿಗೆ ಬೇಡ, 16 ಆಂಪ್ ಸಾಕೆಟ್, ಅರ್ತಿಂಗ್, 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲಿ. ಎಕ್ಸ್‌ಟೆನ್ಷನ್ ವೈರ್ 2.5 ಚದರ ಮಿ.ಮೀ. ತಗೊಳ್ಳಿ, ಸುರುಳಿ ಪೂರ್ತಿ ಬಿಚ್ಚಿ ಹಾಕಿ, ಇಲ್ಲಾಂದ್ರೆ ಕಾಯುತ್ತೆ. ಮೋಟರ್ ದನಿ ಕುಗ್ಗಿದರೆ ತಳ್ಳೋದು ನಿಲ್ಲಿಸಿ. ಸಂಜೆ ಎಲ್ಲರ ಮನೆಯಲ್ಲೂ ಲೈಟು, ಟಿವಿ ಓಡುವ ಹೊತ್ತು ಈ ಕೆಲಸಕ್ಕೆ ಆಗಿಬರಲ್ಲ.

ಪ್ರಶ್ನೆ: ಮಾರ್ಬಲ್ ಕಟರನ್ನು ಪ್ಲೈವುಡ್ ಕೆಳಗೆ ಉಲ್ಟಾ ಕೂರಿಸಿ ಟೇಬಲ್ ಸಾ ಮಾಡಿಕೊಂಡಿದ್ದೇನೆ, ಇಷ್ಟು ದುಡ್ಡು ಯಾಕೆ ಹಾಕಬೇಕು? (ದಾವಣಗೆರೆಯಿಂದ)

ಉತ್ತರ: ನಾನೂ ಎರಡು ವರ್ಷ ಅದರಲ್ಲೇ ಕೆಲಸ ಮಾಡಿದ್ದೇನೆ, ಬೈಯೋಕೆ ಮುಖ ಇಲ್ಲ. ಆದರೆ ಅದಕ್ಕೆ ಗಾರ್ಡ್ ಇಲ್ಲ, ಹಿಂದಿನ ಪಟ್ಟಿ ಇಲ್ಲ, ಸ್ವಿಚ್ಚನ್ನು ಟೇಪ್ ಸುತ್ತಿ ಆನ್ ಇಟ್ಟಿರುತ್ತೀರಿ. ನಿಲ್ಲಿಸಬೇಕು ಅಂದರೆ ಗೋಡೆವರೆಗೆ ಓಡಬೇಕು. ಬ್ಲೇಡಿನ ಮೇಲೆ ಬರೆದ ಗರಿಷ್ಠ ಸುತ್ತಿಗಿಂತ ಕಟರ್ ಜೋರಾಗಿ ತಿರುಗಿದರೆ ಹಲ್ಲು ಕಿತ್ತು ಹಾರುತ್ತೆ. ಇವತ್ತೇ ಬಿಚ್ಚಿಡಿ. ದುಡ್ಡು ಕೂಡೋವರೆಗೆ ಉದ್ದ ಸೀಳೋದನ್ನು ಸಾಮಿಲ್ಲಿನಲ್ಲಿ ಮಾಡಿಸಿ, ಅಡ್ಡ ಕೊಯ್ಯೋಕೆ ಕೈಗರಗಸ ಸಾಕು.

ಮತ್ತೆ ಎಲ್ಲರಿಗೂ ಒಂದು: ಬೆರಳು ಹೋದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ, ಕೈ ಮೇಲೆತ್ತಿ ಹಿಡಿದು, 108ಕ್ಕೆ ಫೋನ್ ಮಾಡಿಸಿ. ತುಂಡನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸ್ ಮೇಲೆ ಇಡಿ. ಬೆರಳನ್ನೇ ನೇರ ಐಸಿಗೆ ಹಾಕಬೇಡಿ, ಹೆಪ್ಪುಗಟ್ಟಿದರೆ ಮತ್ತೆ ಜೋಡಿಸೋದು ಕಷ್ಟ.