ಪ್ರತಿಕ್ರಿಯೆ: ಅಳುಕು ಹೋದ ಮೇಲೆ ಹೊರಡುವುದೋ, ಅಳುಕಿನೊಂದಿಗೇ ಹೊರಡುವುದೋ?

ದಾವಣಗೆರೆಯ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಬಹುಕಾಲದಿಂದ ಲೆಕ್ಕ ಬರೆಯುತ್ತಿರುವ ನೀವು, ಪುಣೆಯ ಗೋದಾಮಿನಲ್ಲಿ ಸಿಕ್ಕಿರುವ ಕೆಲಸಕ್ಕೆ ಮರಾಠಿ ಬಾರದೆಂದು ಹಿಂಜರಿಯುತ್ತಿದ್ದು, ಅಳುಕು ಕಡಿಮೆಯಾಗುವವರೆಗೆ ಕಾಯಬೇಕೇ ಎಂದು ಕೇಳಿದ್ದೀರಿ. ಕಾಯುವುದು ಬೇಡವೆಂಬುದು ನನ್ನ ಅಭಿಪ್ರಾಯ. ಹೆದರಿಕೆಯ ಸಂಗತಿಯಿಂದ ತಪ್ಪಿಸಿಕೊಂಡಾಗ ಸಿಗುವ ತಾತ್ಕಾಲಿಕ ನೆಮ್ಮದಿಯೇ ಮನಸ್ಸಿಗೆ ರೂಢಿಯಾಗಿ, ಮುಂದಿನ ಸಲ ಹೆದರಿಕೆ ಇನ್ನಷ್ಟು ಬಲಿಯುತ್ತದೆ.

ಹಾಗೆಂದು ಕಣ್ಣು ಮುಚ್ಚಿ ಧುಮುಕಬೇಕಿಲ್ಲ. 1908ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕಠಿಣವಾದುದನ್ನು ಕಲಿಯುವಾಗ ಮಿತವಾದ ವಿದ್ಯುತ್ ಆಘಾತವು ಕಲಿಕೆಯನ್ನು ಚುರುಕುಗೊಳಿಸಿತು, ಅತಿಯಾದಾಗ ಕೆಡಿಸಿತು. (ಇಲಿಗೆ ಬಾಡಿಗೆ ಮನೆಯ ಚಿಂತೆ ಇರಲಿಲ್ಲವೆನ್ನಿ.) ಅಳುಕೂ ಹಾಗೆಯೇ, ಮಿತವಾಗಿದ್ದರೆ ಒಳಿತು. ಆದ್ದರಿಂದ ಈಗಲೇ ರಾಜೀನಾಮೆ ಕೊಡದೆ, ನಾಲ್ಕು ದಿನ ರಜೆ ಹಾಕಿ, ರಾತ್ರಿ ಬಸ್ಸಿನಲ್ಲಿ ಹೋಗಿ, ಸಾಧ್ಯವಾದರೆ ಆ ಗೋದಾಮಿನ ಗುಮಾಸ್ತರ ಪಕ್ಕದಲ್ಲಿ ಒಂದು ದಿನ ಕುಳಿತು ಬನ್ನಿ.

ಮೆಕ್ಕೆಜೋಳದ ಹಂಗಾಮಿನಲ್ಲಿ ಲಾರಿ ನಿಂತಿರುವಾಗಲೇ ತೂಕದ ಚೀಟಿ ನೋಡಿ, ಹಮಾಲಿ, ಕಮಿಷನ್ ಲೆಕ್ಕ ಹಾಕಿ ರೈತನ ಕೈಗೆ ಪಟ್ಟಿ ಕೊಡುವವರಿಗೆ ಅಲ್ಲಿನ ಸರಕಿನ ಲೆಕ್ಕ ತೀರಾ ಹೊಸದೇನಲ್ಲ. ಜಿಎಸ್‌ಟಿ ನಿಯಮವೂ ಬಹುಮಟ್ಟಿಗೆ ಒಂದೇ. ಮರಾಠಿಯ ಲಿಪಿ ದೇವನಾಗರಿಯಾದುದರಿಂದ, ಪ್ರೌಢಶಾಲೆಯಲ್ಲಿ ಹಿಂದಿ ಓದಿದ್ದರೆ ಬೋರ್ಡು, ಬಿಲ್ಲು ಓದಲು ತೊಡಕಾಗದು. ಮಾತಿಗೆ ಮಾತ್ರ ಕೆಲವು ತಿಂಗಳು ಬೇಕು, ಆ ಅವಧಿಯಲ್ಲಿ ಒಂದಿಷ್ಟು ಮುಜುಗರ ತಪ್ಪಿದ್ದಲ್ಲ.

ನಿಜವಾಗಿ ಯೋಚಿಸಬೇಕಾದುದು ಸಂಬಳದಲ್ಲಿ ಬಾಡಿಗೆ ಕಳೆದು ಊರಿಗೆ ಎಷ್ಟು ಕಳುಹಿಸಬಹುದು ಎಂಬುದನ್ನು. ಅದು ಹೊಂದಿದರೆ, ನಿಮ್ಮ ಸಾಹುಕಾರರಿಗೆ ಬೇರೆಯವರಿಂದ ಸುದ್ದಿ ತಲುಪುವ ಮೊದಲೇ ನೀವೇ ತಿಳಿಸಿಬಿಡಿ.